ಕಾಟು ಹಾಕಿದ ಪದ

ಮುತ್ತಜ್ಜ ಮುನ್ಶಿ ರುದ್ರಪ್ಪ
ಪಾದ್ರಿಸಾಹೇಬರಿಗೆ ಕನ್ನಡ ಕಲಿಸಲು ಹೋಗಿ
ತಾನೇ ಸತ್ಯಾರ್ಥಪ್ಪನಾಗಿ ತಿರುಗಿ ಬಂದನೆಂದು
ಗುಳೇದಗುಡ್ಡದ ಓಣಿಯಲ್ಲಿ ಇನ್ನೂ ನಗೆಯಾಡುತ್ತಾರೆ.
ಅವನು ಉಳಿಸಿಹೋದದ್ದು ಒಂದು ಕರಡು ವಹಿ,
ಖಣದ ತುಂಡಿನಲ್ಲಿ ಸುತ್ತಿದ್ದು,
ಅಂಚಿಗೆ ಗೆದ್ದಲು ಹಿಡಿದದ್ದು.

ಎಪ್ಪತ್ತೊಂದನೇ ಹಾಳೆಯಲ್ಲಿ
ಒಂದು ಪದಕ್ಕೆ ಕಾಟು ಬಿದ್ದಿದೆ:
ಜೀತದಾಳು.
ಮೇಲೆ ಬೇರೊಂದು ಕೈ, ನೀಲಿ ಶಾಯಿ, ಸೊಟ್ಟ ದೀರ್ಘ:
ದಾಸ.
ಬದಿಗೆ ಅಜ್ಜನ ಇರುವೆಸಾಲು—
‘ಕಲಾದಗಿಯಿಂದ ಕಲೆಕ್ಟರ ಸಾಹೇಬರು ಬರುವವರಿದ್ದಾರೆ.
ಸಾಹುಕಾರರೂ ಕೂತು ಕೇಳುವವರು.’
ಅಷ್ಟೆ. ಸಿಟ್ಟಿಲ್ಲ, ತಕರಾರಿಲ್ಲ.

ದಾಸ ಎಂದರೆ ನಮ್ಮ ಕಡೆ ಯಾರು ಬೆದರುತ್ತಾರೆ?
ಆ ಪದ ಬರುವುದೇ ತಂಬೂರಿ ಹಿಡಿದು,
ಕಾಲಿಗೆ ಗೆಜ್ಜೆ, ಕೊರಳಿಗೆ ತುಳಸಿ,
ಬೆನ್ನ ಮೇಲಿನ ಬಾಸುಂಡೆ ಕಾಣದ ಹಾಗೆ
ಹೆಗಲ ತುಂಬ ಶಾಲು.
ಜೀತದಾಳು ಬೇರೆ. ಅವನಿಗೆ ಹಾಡಿಲ್ಲ.
ಅಪ್ಪ ಹೆಬ್ಬೆಟ್ಟು ಒತ್ತಿದ ಕಾಗದವೊಂದಿದೆ,
ಅದೂ ಧಣಿಯ ಪೆಟ್ಟಿಗೆಯಲ್ಲಿ.

ನೂರೈವತ್ತು ವರ್ಷದ ಮೇಲೆ, ಮೊನ್ನೆ, ಲೆಂಟಿನ ಎರಡನೇ ವಾರ
ಅದೇ ಮಿಶನ್ ಕಂಪೌಂಡಿನ ಬೇವಿನ ಕೆಳಗೆ
ಪರಿಷ್ಕರಣ ಸಮಿತಿ ಕೂಡಿತು.
ಧಾರವಾಡದಿಂದ ಇಬ್ಬರು, ಮಂಗಳೂರಿನವರೊಬ್ಬರು,
ಗ್ರೀಕ್ ಬಲ್ಲವರೊಬ್ಬರು. ಎಲ್ಲರಿಗೂ ಚುರುಮುರಿ, ಚಹಾ.
ನಾನು ಕಾರ್ಯದರ್ಶಿ. ಬ್ಯಾಗಿನಲ್ಲಿ ಅಜ್ಜನ ವಹಿ,
ಯಾರಿಗೂ ತೋರಿಸದ ತಲವಾರಿನಂತೆ.

ನೀತಿ ತೆಗೆಯಿರಿ, ನ್ಯಾಯ ಹಾಕಿರಿ, ಎಂದೆ.
ಮೂಲದ ಪದ ಎರಡನ್ನೂ ಹೊತ್ತು ಬಂದಿತ್ತು;
ನಮ್ಮವರು ಹಗುರಾದದ್ದನ್ನಷ್ಟೇ ಇಳಿಸಿಕೊಂಡರು.
ನೀತಿಗೆ ಹಸಿದವನು
ಶಾಲೆಯ ಗೋಡೆಯ ಸುಭಾಷಿತ ಓದಿ ಮಲಗುತ್ತಾನೆ.
ನ್ಯಾಯಕ್ಕೆ ಹಸಿದವನು ಮಲಗುವುದಿಲ್ಲ.

ಮಂಗಳೂರಿನವರು ಕನ್ನಡಕ ಒರೆಸಿದರು:
“ಚುನಾವಣೆಯ ವರ್ಷ. ಈಗ ಬೇಡ. ಹಳೆಯದೇ ಇರಲಿ.
ನಾವು ಇರುವುದೇ ಎಷ್ಟು ಜನ?”
ಆ ಅಂಜಿಕೆ ನನಗೂ ಗೊತ್ತು. ಅದಕ್ಕೇ ನಗಲಿಲ್ಲ.

ಓದಿಸಿ ನೋಡಲೆಂದು ಕರೆಸಿದ್ದು ದೇವದಾನಮ್ಮನನ್ನು.
ಕುಣಿಮಗ್ಗದಿಂದ ಎದ್ದು ಬಂದವಳು,
ಸೆರಗಿಗೆ ಅಂಟಿದ ಎಳೆ ಹಾಗೇ ಇತ್ತು,
ಮೊಣಕಾಲು ನೀವಿಕೊಳ್ಳುತ್ತ ಕೂತಳು.
ನಾನೇ ಓದಿದೆ, ನನ್ನ ವಾಕ್ಯ, ನನ್ನ ನ್ಯಾಯ,
ದನಿ ತುಸು ಏರಿಸಿಯೇ ಓದಿದೆ.

“ನ್ಯಾಯಕ್ಕ ಹಸದವರ?” ಹುಬ್ಬು ಗಂಟಿಕ್ಕಿದಳು.
“ನಮ್ಮ ಮೈದುನ ಅದಾನಲ್ರೀ, ನಾಕು ಗೇಣು ಹಿತ್ತಲಕ್ಕ
ಹದಿನೆಂಟು ವರ್ಷ ಬಾಗಲಕೋಟಿ ಕೋರ್ಟಿಗೆ ಅಡ್ಡಾಡಿದ.
ಅವಗ ಬರೇ ನ್ಯಾಯದ್ದ ಹಸಿವಿ,
ಅಣ್ಣನ ಮನಿ ಮುರದ ಬಿಟ್ಟ.
ಅವನ್ನ ಯಾಕ ಧನ್ಯ ಅಂತೀರಿ?”

ಬೇವಿನ ಹೂವೊಂದು ಚಹಾದಲ್ಲಿ ಬಿತ್ತು.
ನನ್ನ ಪದಕ್ಕೂ ಒಂದು ಬೆನ್ನಿತ್ತು,
ನಾನು ತಿರುಗಿಸಿ ನೋಡಿರಲಿಲ್ಲ.

“ಹಂಗಾದ್ರ ಏನ ಹಾಕೂಣು, ಯವ್ವಾ?”
“ಹಸದವರು ಅಂತ ಬಿಡ್ರಿ. ಸಾಕು.
ಯಾತಕ್ಕ ಹಸದಾರ ಅನ್ನೂದನ್ನ
ಹಸದವರನ್ನ ಕೇಳಿ ಬರೀರಿ.”

ಗ್ರೀಕ್ ಬಲ್ಲವರು ಹಾಳೆ ತಿರುವಿದರು:
“ಅಮ್ಮಾ, ಹಾಗಿರುವುದು ಲೂಕನಲ್ಲಿ. ಇದು ಮತ್ತಾಯ.”
“ಲೂಕ ಚಲೋ ಮನಶ್ಯಾ” ಎಂದಳು.

ಏಳುವಾಗ ಮತ್ತೆ ಕೇಳಿದಳು:
“ಅರ್ಧ ದಿನ ಹೋತು, ಒಂದು ಖಣ ತಪ್ಪಿತು.
ಅದರ ಕೂಲಿ ಯಾರ ಕಡೆ ಇಸಕೊಳ್ಳಲಿ?”

ಸಮಿತಿಯ ಲೆಕ್ಕದಲ್ಲಿ ಕೂಲಿ ಎಂಬ ಕಲಮು ಇರಲಿಲ್ಲ.
ಮುಖ ಮುಖ ನೋಡಿಕೊಂಡೆವು. ಗೌರವಧನ ಎನ್ನೋಣವೆ?
ಅದಕ್ಕೆ ಠರಾವು ಬೇಕು, ಬೆಂಗಳೂರಿನ ಸಹಿ ಬೇಕು.
ಕೊನೆಗೆ ಇನ್ನೂರು ರೂಪಾಯಿ ಕೊಟ್ಟು
ರಶೀದಿಯಲ್ಲಿ ನಾನೇ ಬರೆದೆ, ದುಂಡಗೆ:
ಪ್ರಯಾಣ ವೆಚ್ಚ.

ಅವಳ ಮನೆ ಕಂಪೌಂಡಿನ ಗೋಡೆಗೆ ಹತ್ತಿಕೊಂಡೇ ಇದೆ.
ನಾನು ಪೆನ್ನಿಗೆ ಟೋಪಿ ಹಾಕುವ ಮೊದಲೇ
ಅತ್ತ ಲಾಳಿಯ ಸದ್ದು ಶುರುವಾಗಿತ್ತು.